'ಆರೆಂಜ್' ಮತ್ತು 'ಕಿತ್ತಳೆ': ಎರಡು ಪದಗಳ ಚರಿತ್ರೆ

ಕೊಡಗಿನ ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿರುವ ಕಕ್ಕಬೆಯಂತಹ ಊರುಗಳಲ್ಲಿ ಕಿತ್ತಳೆಯು ಕಾಫಿ ತೋಟದ ಮಿಶ್ರಬೆಳೆಯಾಗಿ ಬಂದಿದೆ. 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಅಡಿಯಲ್ಲಿ ಈ ಹಣ್ಣು ನೋಂದಣಿಯಾಗಿರುವುದು 'ಕೂರ್ಗ್ ಆರೆಂಜ್' ಎಂಬ ಹೆಸರಿನಲ್ಲಿ. 'ಕೂರ್ಗ್' ಎಂಬುದು 'ಕೊಡಗು' ಪದದ ಆಂಗ್ಲೀಕೃತ ರೂಪ. ಹೀಗಾಗಿ ನೆಲದ ಹೆಸರೂ ಹಣ್ಣಿನ ಹೆಸರೂ ಇಲ್ಲಿ ಪರಕೀಯವೆಂದೇ ತೋರುತ್ತವೆ. 'ಆರೆಂಜ್' ಪದದ ಚರಿತ್ರೆಯನ್ನು ಪರಿಶೀಲಿಸಿದರೆ ಈ ಭಾವನೆ ಅರ್ಧಸತ್ಯವೆಂಬುದು ಸ್ಪಷ್ಟವಾಗುತ್ತದೆ.

ಸಂಸ್ಕೃತದ 'ನಾರಂಗ' ಪರ್ಷಿಯನ್ನಿನಲ್ಲಿ 'ನಾರಂಗ್', ಅರಬ್ಬಿಯಲ್ಲಿ 'ನಾರಂಜ್' ಆಯಿತು. ಅರಬರ ಮೂಲಕ ಯುರೋಪಿಗೆ ಮೊದಲು ತಲುಪಿದ್ದು ಕಹಿ ಜಾತಿಯ ಹಣ್ಣು. ಸಿಹಿ ಜಾತಿ ಬಂದದ್ದು ಅನಂತರ. ಸ್ಪ್ಯಾನಿಷಿನ 'ನರಾಂಹ' ಮೊದಲ ನಕಾರವನ್ನು ಉಳಿಸಿಕೊಂಡರೆ ಇಟಾಲಿಯನ್ನಿನ 'ಅರಾಂಚ'ದಲ್ಲಿ ಅದು ಲೋಪವಾಗಿದೆ. ಇಂಗ್ಲಿಷಿನಲ್ಲೇ 'ಎ ನಾರೆಂಜ್' ಎಂಬುದು 'ಆ್ಯನ್ ಆರೆಂಜ್' ಎಂದು ತಪ್ಪಾಗಿ ವಿಭಜನೆಗೊಂಡಿತೆಂಬ ವಿವರಣೆ ಜನಪ್ರಿಯವಾಗಿದೆ. ಆದರೆ ಪದವು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬರುವ ವೇಳೆಗಾಗಲೇ ನಕಾರ ಲೋಪಗೊಂಡಿತ್ತು. ಇಂತಹ ವಿಭಜನೆ ಇಂಗ್ಲಿಷಿನಲ್ಲಿ ನಡೆದಿರುವುದು 'ನೇಪ್ರನ್' ಎಂಬುದು 'ಏಪ್ರನ್' ಆದಲ್ಲಿ. ಇಂಗ್ಲಿಷಿನಲ್ಲಿ 'ಆರೆಂಜ್' ಮೊದಲು ಹಣ್ಣಿನ ಹೆಸರು. ಬಣ್ಣದ ಅರ್ಥ ಬಳಕೆಗೆ ಬಂದದ್ದು 16ನೆಯ ಶತಮಾನದಲ್ಲಿ. ಕನ್ನಡದ 'ಕಿತ್ತಳೆ ಬಣ್ಣ'ವೂ ಇದೇ ಕ್ರಮದ್ದು.

'ನಾರಂಗ'ವು ಸಂಸ್ಕೃತಕ್ಕೆ ದ್ರಾವಿಡದಿಂದ ಬಂದಿರಬೇಕೆಂಬುದು ಹಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ತಮಿಳಿನ 'ನಾರತ್ತೈ', ಮಲೆಯಾಳದ 'ನಾರಕಂ', 'ನಾರಙ್ಙ' ಇದಕ್ಕೆ ಆಧಾರ. ಮಲೆಯಾಳದಲ್ಲಿ ತೆಂಗಿನಕಾಯಿ 'ತೇಙ್ಙ', ಮಾವಿನಕಾಯಿ 'ಮಾಙ್ಙ' ಆಗಿರುವಂತೆಯೇ 'ನಾರಙ್ಙ'ದಲ್ಲಿಯೂ 'ಕಾಯ್' ಅಡಗಿದೆ. ಕೊಡಗಿನ ಗಡಿಯಾಚೆ ಇಂದಿಗೂ ನಿಂಬೆಯ ಜಾತಿಗೆ ಬಳಕೆಯಲ್ಲಿರುವ ಪದವೇ ಇದು.

ಹಾಗಿದ್ದರೆ ಕನ್ನಡ 'ಕಿತ್ತಳೆ'ಯ ವಿಶೇಷವೇನು? ಇದರ ಇನ್ನೊಂದು ರೂಪ 'ಕಿತ್ತಿಳೆ'. ಹಳಗನ್ನಡದ 'ಕಿಱು' ಸ್ವರದ ಮುಂದೆ 'ಕಿತ್ತ್' ಆಗುತ್ತದೆ; 'ಕಿತ್ತಡಿ' ಇದಕ್ಕೆ ನಿದರ್ಶನ. ಅಂತೆಯೇ 'ಪೇರ್' ಎಂದರೆ ಹಿರಿದು. 'ಕಿಱು + ಇಳೆ' ಕಿತ್ತಿಳೆಯಾದರೆ, 'ಪೇರ್ + ಇಳೆ' ಹೇರಿಳೆ, ಅರ್ಥಾತ್ ಉಪ್ಪಿನಕಾಯಿ, ಗೊಜ್ಜುಗಳಿಗೆ ಬಳಸುವ ಹೇರಳೆ. ಇಲ್ಲಿ 'ಇಳೆ' ಭೂಮಿವಾಚಕವಲ್ಲ, ಹಣ್ಣಿನ ಜಾತಿವಾಚಕ. ಕಿರಿದು-ಹಿರಿದೆಂಬ ಈ ಜೋಡಿ ಒಂದು ಜಾನಪದ ವರ್ಗೀಕರಣವೇ ಆಗಿದೆ.

ಇಂಗ್ಲಿಷಿನ ಒಂದು ಪದ ಹಲವು ಜಾತಿಗಳನ್ನು ಒಳಗೊಳ್ಳುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಕೊಡಗಿನ ಕಿತ್ತಳೆ 'ಮ್ಯಾಂಡರಿನ್' ಜಾತಿಯದು: ಸಿಪ್ಪೆ ಸಡಿಲ, ತೊಳೆಗಳು ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಸಿಪ್ಪೆ ಅಂಟಿಕೊಂಡಿರುವ ಮೂಸಂಬಿಯೂ ಕಹಿಹಣ್ಣೂ ಬೇರೆ. ಕನ್ನಡವು ಇವನ್ನು ಬೇರೆಬೇರೆ ಹೆಸರುಗಳಿಂದಲೇ ಗುರುತಿಸಿದೆ.

ಗ್ರೀನಿಂಗ್ ಮುಂತಾದ ರೋಗಗಳಿಂದ ಕೊಡಗಿನ ಕಿತ್ತಳೆ ಬಹಳಷ್ಟು ಕ್ಷೀಣಿಸಿದೆ. ಗಿಡವನ್ನು ಉಳಿಸುವ ಕಾರ್ಯ ತೋಟಗಾರಿಕಾ ವಿಜ್ಞಾನಕ್ಕೆ ಸೇರಿದ್ದು. ಆದರೆ ಕಿತ್ತಳೆಯನ್ನು ಹೇರಳೆಯೊಡನೆ ಇಟ್ಟು ನೋಡಿದ ತಿಳಿವಳಿಕೆ ಪದದಲ್ಲಿದೆ, ಅದು ಮರೆಯಾದರೆ ನಷ್ಟ ಭಾಷೆಯದು. 'ಆರೆಂಜ್' ಪರಕೀಯವೆಂದು ತಿರಸ್ಕರಿಸಬೇಕಾಗಿಲ್ಲ. ಅದು ದೂರ ಸಂಚರಿಸಿ ಮರಳಿದ ನಂಟ. ಅದರ ಪಕ್ಕದಲ್ಲಿ 'ಕೊಡಗಿನ ಕಿತ್ತಳೆ' ಎಂಬ ಹೆಸರೂ ಬರವಣಿಗೆಯಲ್ಲಿ, ಹಣ್ಣಿನ ಪೆಟ್ಟಿಗೆಯ ಮೇಲೆ ನಿಲ್ಲಬೇಕಾದುದು ಅಗತ್ಯ.