ಹಲ್ಲಿಗೆ ಕ್ಲಿಪ್ ಹಾಕಿಸಿದ ಮೇಲೆ

ಕಾಪುರಬಾವಡಿಯಿಂದ ಕಾಸರವಡವಲಿವರೆಗೆ, ಘೋಡಬಂದರ್ ರಸ್ತೆಯಲ್ಲಿ ಹಲ್ಲಿನ ಕ್ಲಿನಿಕ್ಕಿಗೇನೂ ಬರವಿಲ್ಲ. ಮಗಳಿಗೆ ಕ್ಲಿಪ್ ಹಾಕಿಸ್ಕೊಂಡು ಬಂದ್ರಾ? ಹಾಕುವಾಗ ಅಷ್ಟೇನೂ ನೋಯಲ್ಲ, ನೋವು ಶುರುವಾಗೋದು ಆ ರಾತ್ರಿ. ಮೂರ್ನಾಲ್ಕು ದಿನ ಚಪಾತಿ ಅಗಿಯೋದೂ ಕಷ್ಟ. ಮೊಸರನ್ನ, ಗಂಜಿ, ಇಡ್ಲಿ ಕೊಡಿ. ಕೆನ್ನೆಗೆ ಚುಚ್ಚಿದ್ರೆ, ಬ್ರಾಕೆಟ್ ಒರೆಸಿ ಒಣಗಿಸಿ, ಡಾಕ್ಟರ್ ಕೊಟ್ಟ ಮೇಣವನ್ನ ಸಣ್ಣ ಉಂಡೆ ಮಾಡಿ ಅದರ ಮೇಲೆ ಒತ್ತಿ.

ಹಲ್ಲು ಸ್ವಲ್ಪ ಅಲ್ಲಾಡಿದ್ರೆ ಗಾಬರಿ ಬೇಡ. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತೆ, ಹಲ್ಲು ಬಿಟ್ಟುಬಂದ ಜಾಗದಲ್ಲಿ ಹೊಸ ಮೂಳೆ ತುಂಬುತ್ತೆ. ಸರಿಯೋದು ತಿಂಗಳಿಗೆ ಸುಮಾರು 1 ಮಿಲಿಮೀಟರ್. ನಮ್ಮ ರಸ್ತೆಯ ಟ್ರಾಫಿಕ್ಕೇ ವಾಸಿ!

4ರಿಂದ 8 ವಾರಕ್ಕೊಮ್ಮೆ ತಂತಿ ಬಿಗಿ ಮಾಡ್ತಾರೆ, ಮತ್ತೆ ಒಂದೆರಡು ದಿನ ನೋವು. ಊರಿಂದ ಬಂದ ಚಕ್ಕುಲಿ, ಲೋಣಾವಳದ ಚಿಕ್ಕಿ ಕಚ್ಚಿದ್ರೆ ಬ್ರಾಕೆಟ್ ಕಿತ್ತು ಬರುತ್ತೆ, ಚಿಕಿತ್ಸೆಯೂ ಎಳೆಯುತ್ತೆ. ವಡಾಪಾವ್ ಪರವಾಗಿಲ್ಲ, ಚಿಕ್ಕದಾಗಿ ಮುರಿದು ತಿನ್ಲಿ. ಆಮೇಲೆ ತಂತಿ ಸುತ್ತ ಬ್ರಶ್ ಮಾಡದೇ ಇದ್ರೆ, ಕ್ಲಿಪ್ ತೆಗೆದ ದಿನ ಹಲ್ಲಿನ ಮೇಲೆ ಬಿಳಿ ಕಲೆ ಕಾಣುತ್ತೆ.

ಚಿಕಿತ್ಸೆ ಸಾಮಾನ್ಯವಾಗಿ 18ರಿಂದ 24 ತಿಂಗಳು. ಮುಗಿದ ಮೇಲೂ ರಿಟೈನರ್ ಬೇಕೇ ಬೇಕು, ಇಲ್ಲಾಂದ್ರೆ ಹಲ್ಲು ಹಳೇ ಜಾಗಕ್ಕೆ ಹೊರಡುತ್ತೆ. ಊಟಕ್ಕೆ ತೆಗೆದಾಗ ಅದನ್ನ ಟಿಶ್ಯೂನಲ್ಲಿ ಸುತ್ತಿಡಬೇಡಿ, ಎಂಜಲು ತಟ್ಟೆ ಜೊತೆ ಕಸಕ್ಕೆ ಹೋಗುತ್ತೆ. ಡಬ್ಬಿಗೇ ಹಾಕಿ.