ಕೊಡುವ ಕೈ, ಬೇಡುವ ಕೈ

ಪೇಟೆಗೆ ಬರಿಗೈಯಲ್ಲಿ ಹೊರಡುವುದು ನಮ್ಮ ಕಾಲದ ಹೊಸ ಪದ್ಧತಿ. ಹಿಂದೆ ಚೀಲ ಮರೆತು ಸಂತೆಗೆ ಹೋದವನು ಹೆಗಲ ಮೇಲಿನ ವಸ್ತ್ರದಲ್ಲಿಯೇ ಗಂಟು ಕಟ್ಟಿಕೊಂಡು ಬರಬೇಕಾಗಿತ್ತು. ದಿನಸಿ ಕಾಗದದ ಪೊಟ್ಟಣದಲ್ಲಿ, ಹೂವು ಬಾಳೆಯೆಲೆಯಲ್ಲಿ, ಎಣ್ಣೆ ಮನೆಯಿಂದ ಒಯ್ದ ಪಾತ್ರೆಯಲ್ಲಿ ಬರುತ್ತಿದ್ದುವು. ಒಯ್ಯುವ ಹೊಣೆ ಕೊಳ್ಳುವವನದು. ಅಂಗಡಿಯವನ ಹೊಣೆ ತೂಗಿ ಕೊಡುವಲ್ಲಿಗೆ ಮುಗಿಯುತ್ತಿತ್ತು. ಪ್ಲಾಸ್ಟಿಕ್ ಚೀಲ ಬಂದು ಈ ಏರ್ಪಾಟನ್ನು ತಲೆಕೆಳಗು ಮಾಡಿತು.

ಅದನ್ನು ಹಿಡಿತಕ್ಕೆ ತರಲು ಸರ್ಕಾರ ಮೊದಲು ಕೈಗೆತ್ತಿಕೊಂಡುದು ಅಳತೆಗೋಲನ್ನು. 1999ರ ಕೇಂದ್ರ ನಿಯಮವು 20 ಮೈಕ್ರಾನಿಗಿಂತ ತೆಳುವಾದ ಚೀಲ ಕೂಡದೆಂದಿತು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಈ ಮಿತಿ 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರಿನಲ್ಲಿ 75, 2022ರ ಕೊನೆಗೆ 120 ಆಯಿತು. ಇದಕ್ಕೆ ಕಾರಣವಿಲ್ಲದಿಲ್ಲ. ತೆಳುವಾದ ಚೀಲ ಗಾಳಿಗೆ ಹಾರಿ ಚರಂಡಿ ಸೇರುತ್ತದೆ. ನೂರಾರು ಕೂಡಿಟ್ಟರೂ ತೂಕಕ್ಕೆ ಬಾರದು. ಆದ್ದರಿಂದ ಚಿಂದಿ ಆಯುವವರೂ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ದಪ್ಪ ಚೀಲಕ್ಕಾದರೆ ಗುಜರಿಯಲ್ಲಿ ಬೆಲೆಯುಂಟು, ಮನೆಯಲ್ಲಿ ಮರುಬಳಕೆಯುಂಟು. ಕರ್ನಾಟಕವಾದರೋ 2016ರ ಮಾರ್ಚಿನಲ್ಲಿ ಅಳತೆಯ ಗೊಡವೆಯನ್ನೇ ಬಿಟ್ಟು, ಎಷ್ಟೇ ದಪ್ಪವಿರಲಿ, ಪ್ಲಾಸ್ಟಿಕ್ ಕೈಚೀಲವನ್ನು ನಿಷೇಧಿಸಿತು. ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ, ಊಟದ ಮೇಜಿನ ಹಾಳೆಗಳನ್ನೂ ಅದರೊಡನೆ ಸೇರಿಸಿತು.

ಆದರೂ ಸಂಜೆಯ ಮಾರುಕಟ್ಟೆಯಿಂದ ಚೀಲ ಕಣ್ಮರೆಯಾಗಿಲ್ಲ. ಏಕೆ? ಸೊಪ್ಪು ಮಾರುವವಳು ಚೀಲವಿಲ್ಲವೆಂದರೆ ಗಿರಾಕಿ ಪಕ್ಕದವಳ ಬಳಿಗೆ ಸರಿಯುತ್ತಾನೆ. ಕೊಟ್ಟರೆ ದಂಡದ ಭಯ, ಕೊಡದಿದ್ದರೆ ವ್ಯಾಪಾರದ ನಷ್ಟ. ದಿನದ ಗಳಿಕೆಯಿಂದ ಒಲೆ ಹೊತ್ತಿಸಬೇಕಾದವಳು ಯಾವುದನ್ನು ಆರಿಸಿಕೊಂಡಾಳು? ಬರಿಗೈಯಲ್ಲಿ ಬಂದವನಿಗೆ ಮಾತ್ರ ಯಾವ ಭಯವೂ ಇಲ್ಲ.

ಕೊಳ್ಳುವವನನ್ನು ಎಚ್ಚರಿಸುವ ದಾರಿ ಇಲ್ಲದಿಲ್ಲ. ಐರ್ಲೆಂಡ್ ದೇಶ 2002ರಲ್ಲಿ ಚೀಲವನ್ನು ನಿಷೇಧಿಸಲಿಲ್ಲ. ಚೀಲವೊಂದಕ್ಕೆ 15 ಸೆಂಟ್ ಕರವನ್ನು ಗಿರಾಕಿಯಿಂದಲೇ ವಸೂಲು ಮಾಡಿತು. ತಲೆಗೆ ವರ್ಷಕ್ಕೆ 328ರಷ್ಟಿದ್ದ ಬಳಕೆ 21ಕ್ಕೆ ಇಳಿಯಿತೆಂದು ಅಲ್ಲಿಯ ಸರ್ಕಾರದ ಅಂದಾಜು. ನಮ್ಮ 2011ರ ನಿಯಮವೂ ಚೀಲವನ್ನು ಪುಕ್ಕಟೆ ಕೊಡಬಾರದೆಂದಿತ್ತು. 2016ರಲ್ಲಿ ಅದು ಅಂಗಡಿಯವರು ಸ್ಥಳೀಯ ಸಂಸ್ಥೆಗೆ ಕಟ್ಟುವ ಶುಲ್ಕವಾಗಿ ಮಾರ್ಪಟ್ಟಿತು. 2018ರ ತಿದ್ದುಪಡಿಯಲ್ಲಿ ಅದೂ ಬಿಟ್ಟುಹೋಯಿತು. ಮೈಕ್ರಾನ್ ಏರಿತು, ಬೆಲೆಯ ಮಾತು ಅಳಿಯಿತು!

ಬಟ್ಟೆಯಂತೆ ತೋರುವ ನಾನ್‌ವೋವನ್ ಚೀಲವೂ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕೇ. ಕಾಗದದ ಚೀಲವನ್ನೂ ಒಮ್ಮೆ ಹಿಡಿದು ಎಸೆದರೆ ಅದೂ ಕಸವೇ. ವಸ್ತು ಬದಲಾದ ಮಾತ್ರಕ್ಕೆ ಅಭ್ಯಾಸ ಬದಲಾಗದು. ಸಾಂಬಾರಿಗೆ ಪಾತ್ರೆ ತಂದವನಿಗೆ ಹೋಟೆಲಿನವರು ಎರಡು ರೂಪಾಯಿ ಇಳಿಸಲಿ. ತಾರದವನು ಪೊಟ್ಟಣದ ಬೆಲೆಯನ್ನು ತೆರಲಿ. ನಿಯಮವು ಕೊಡುವ ಕೈಯನ್ನು ಹಿಡಿದುದಾಯಿತು. ಇನ್ನು ಬೇಡುವ ಕೈಯನ್ನೂ ಅದು ನೋಡಬೇಕಾಗಿದೆ.