ದರೆಯ ಮೇಲಿನ ಹಸಿರು ಗರಿ: ಫಿಸಿಡೆನ್ಸ್ ಹಾವಸೆ

ಮಲೆನಾಡಿನ ತೋಟಗಳಲ್ಲಿ ಮಳೆಗಾಲ ಹಿಡಿಯಿತೆಂದರೆ ದರೆ, ಬಸಿಗಾಲುವೆಯ ಮಗ್ಗುಲು, ಬಾವಿಯ ಒಳಗೋಡೆಗಳ ಮೇಲೆಲ್ಲ ಹಾವಸೆ ಕಾಣಿಸಿಕೊಳ್ಳುತ್ತದೆ. ಇದನ್ನು ಕಂಡೊಡನೆ ಮಣ್ಣು ಹುಳಿಯಾಯಿತೆಂದು ಸುಣ್ಣ ಹಾಕುವವರುಂಟು. ರೋಗವೆಂದು ಭಾವಿಸಿ ಮೈಲುತುತ್ತದ ದ್ರಾವಣ ಎರಚುವವರೂ ಉಂಟು. ಎರಡೂ ಅನವಶ್ಯಕ ಖರ್ಚು. ಇಂತಹ ನೆರಳಿನ ಮಣ್ಣಿನ ಮೇಲೆ ಬೆಳೆಯುವ ಹಾವಸೆಗಳಲ್ಲಿ ಫಿಸಿಡೆನ್ಸ್ ಎಂಬ ಕುಲ ಮುಖ್ಯವಾದುದು. ಇದರ ಪರಿಚಯ ರೈತ ಬಾಂಧವರಿಗೆ ಉಪಯುಕ್ತ.

ಗುರುತಿಸಲು ಒಂದು ಭೂತಗನ್ನಡಿ ಸಾಕು. ಗಿಡದ ಉದ್ದ ಸಾಮಾನ್ಯವಾಗಿ ಕೆಲವು ಮಿಲಿಮೀಟರಿನಿಂದ ಒಂದೆರಡು ಸೆಂಟಿಮೀಟರ್. ಹೆಚ್ಚಿನ ಹಾವಸೆಗಳಲ್ಲಿ ಎಲೆಗಳು ಕಾಂಡದ ಸುತ್ತಲೂ ಇರುತ್ತವೆ. ಫಿಸಿಡೆನ್ಸ್‌ನಲ್ಲಿ ಮಾತ್ರ ಎರಡು ಪಕ್ಕಗಳಲ್ಲಿ ಎರಡೇ ಸಾಲಾಗಿ, ಚಪ್ಪಟೆಯಾಗಿ ಜೋಡಿಸಿಕೊಂಡಿರುವುದರಿಂದ ಇಡೀ ಗಿಡ ಹಕ್ಕಿಯ ಪುಟ್ಟ ಗರಿಯಂತೆ ಕಾಣುತ್ತದೆ. ಪ್ರತಿ ಎಲೆಯ ಬುಡ ಎರಡು ಪದರಾಗಿ ಸೀಳಿ, ಕಾಂಡವನ್ನೂ ಮೇಲಿನ ಎಲೆಯ ಬುಡವನ್ನೂ ಜೇಬಿನಂತೆ ಹಿಡಿದಿರುತ್ತದೆ. ಈ ಜೇಬು ಕಂಡರೆ ಸಂಶಯ ಬೇಡ.

ಕುಲದ ಹೆಸರಿನ ಅರ್ಥ ಸೀಳುಹಲ್ಲು. ಸಪೂರ ತೊಟ್ಟಿನ ತುದಿಯಲ್ಲಿರುವ ಬೀಜಕಣಗಳ ಕೋಶದ ಮುಚ್ಚಳ ಕಳಚಿದಾಗ 16 ಹಲ್ಲುಗಳು ಕಾಣುತ್ತವೆ. ಸಾಮಾನ್ಯವಾಗಿ ಒಂದೊಂದೂ ತುದಿಯಲ್ಲಿ ಇಬ್ಭಾಗವಾಗಿರುತ್ತದೆ. ಈ ಹೆಸರನ್ನು ಜರ್ಮನ್ ಸಸ್ಯವಿಜ್ಞಾನಿ ಹೆಡ್ವಿಗ್ ಕೊಟ್ಟರು. ಅವರ ಮರಣಾನಂತರ, 1801ರಲ್ಲಿ ಅದು ಪ್ರಕಟವಾಯಿತು. ಜಗತ್ತಿನಲ್ಲಿ ಸುಮಾರು 440 ಪ್ರಭೇದಗಳಿವೆ, ಆದರೆ ಇದರ ಕುಟುಂಬದಲ್ಲಿರುವುದು ಇದೊಂದೇ ಕುಲ. ಎಲೆಯಂಚಿಗೆ ಸೀರೆಯ ಕರೆಯಂತೆ ಬಿಳಿಚಿದ ಉದ್ದ ಜೀವಕೋಶಗಳಿವೆಯೇ, ನಡುನರ ತುದಿ ಮುಟ್ಟುತ್ತದೆಯೇ ಎಂಬುದನ್ನೆಲ್ಲ ನೋಡಿ ಪ್ರಭೇದಗಳನ್ನು ಬೇರ್ಪಡಿಸುತ್ತಾರೆ. ಅದು ಸೂಕ್ಷ್ಮದರ್ಶಕದ ಕೆಲಸ. ರೈತರಿಗೆ ಅಷ್ಟು ಬೇಕಿಲ್ಲ.

ಮಣ್ಣು, ಕಲ್ಲು, ಮರದ ಬುಡ, ಹಳ್ಳದ ಬಂಡೆ, ಕಡೆಗೆ ಹುತ್ತದ ಮೇಲೂ ಬೆಳೆಯುವ ಪ್ರಭೇದಗಳಿವೆ. ಕೆಲವು ನೀರಿನಲ್ಲಿ ಮುಳುಗಿಯೇ ಇರುತ್ತವೆ. ಸುಣ್ಣದಂಶಕ್ಕೂ ಈ ಕುಲ ಹೆದರುವುದಿಲ್ಲ: ಯೂರೋಪಿನಲ್ಲಿ ಫಿಸಿಡೆನ್ಸ್ ಡೂಬಿಯಸ್ ಸುಣ್ಣಕಲ್ಲಿನ ನೆಲದಲ್ಲೇ ಹೆಚ್ಚು. ಆದುದರಿಂದ ಹಾವಸೆ ಬಂದ ಮಾತ್ರಕ್ಕೆ ಮಣ್ಣು ಹುಳಿಯೆಂದು ತೀರ್ಮಾನಿಸುವಂತಿಲ್ಲ. ಸುಣ್ಣ ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಬೇಕು. ಹಾವಸೆ ತಿಳಿಸುವುದು ಇಷ್ಟೇ: ಅಲ್ಲಿ ನೆರಳಿದೆ, ತೇವ ನಿಲ್ಲುತ್ತಿದೆ, ಮಣ್ಣು ಕದಡಿಲ್ಲ.

ಇದಕ್ಕೆ ನಿಜವಾದ ಬೇರಿಲ್ಲ. ಕೂದಲಿನಂತಹ ಎಳೆಗಳಿಂದ ಮೇಲ್ಮಣ್ಣನ್ನು ಹಿಡಿದಿರುತ್ತದೆ. ಬೆಳೆಯ ಸಾರವನ್ನು ಹೀರುವುದಿಲ್ಲ. ಹನಿಯ ಹೊಡೆತಕ್ಕೆ ದರೆಯ ಮಣ್ಣು ಕರಗುವುದನ್ನು ಒಂದಿಷ್ಟು ತಡೆಯುತ್ತದೆ. ದರೆ ಕುಸಿಯುವುದನ್ನು ಮಾತ್ರ ತಡೆಯಲಾರದು. ಅಲ್ಲಿಗೆ ಲಾವಂಚವೇ ಬೇಕು. ದರೆಯ ಕಳೆಯನ್ನು ಗುದ್ದಲಿಯಿಂದ ಕೆತ್ತುವ ಬದಲು ಕತ್ತಿಯಿಂದ ಸವರಿದರೆ ಹಾವಸೆ ಉಳಿಯುತ್ತದೆ. ಬಾವಿಯ ಮೆಟ್ಟಿಲಿನ ಮೇಲಿನದನ್ನು ಕೆರೆದು ತೆಗೆಯಲೇಬೇಕು, ಕಾಲು ಜಾರೀತು. ಸಸಿಮಡಿಯಲ್ಲಿ, ಪಾಲಿಥಿನ್ ಚೀಲಗಳ ಮೇಲ್ಮಣ್ಣಿನಲ್ಲಿ ಹಾವಸೆ ಕಟ್ಟಿದರೆ ಔಷಧಿ ಹುಡುಕಬೇಡಿ. ನೀರು ಕಡಿಮೆ ಮಾಡಿ, ಚಪ್ಪರದ ಸೊಪ್ಪನ್ನು ಸ್ವಲ್ಪ ತೆಳುವಾಗಿಸಿ, ಮೇಲ್ಮಣ್ಣನ್ನು ಕಡ್ಡಿಯಿಂದ ಸಡಿಲಿಸಿ.